ಹಾಲೇರಿ ಮನೆತನದ ಅಸ್ತಮಾನ: ಮಡಿಕೇರಿಯಿಂದ ಲಂಡನ್ನಿನವರೆಗೆ

ಬುಸೈತೀನಿನ ನಮ್ಮ ಮನೆಯಿಂದ ಮುಹರ್ರಕ್ಕಿನ ಹಳೆಯ ಬೀದಿಗಳು ದೂರವೇನಲ್ಲ. ಚಳಿಗಾಲದ ಸಂಜೆಗಳಲ್ಲಿ ಆಸ್ಪತ್ರೆಯ ಪಾಳಿ ಮುಗಿದ ಮೇಲೆ ಕೆಲವೊಮ್ಮೆ ಆ ಕಡೆ ನಡೆದು ಹೋಗುತ್ತೇನೆ. ಮುತ್ತಿನ ವ್ಯಾಪಾರದಿಂದ ಶ್ರೀಮಂತವಾಗಿದ್ದ ಮನೆತನಗಳ ಮನೆಗಳು ಅಲ್ಲಿವೆ. ಕೆತ್ತನೆಯ ಬಾಗಿಲು, ಬಣ್ಣದ ಗಾಜು, ಗಾರೆಯ ಹೂಬಳ್ಳಿ ಎಲ್ಲವೂ ಹಿಂದಿನ ವೈಭವವನ್ನು ಹೇಳುತ್ತವೆ. 1930ರ ದಶಕದ ಹೊತ್ತಿಗೆ ಜಪಾನಿನ ಕೃಷಿಮುತ್ತು ಮಾರುಕಟ್ಟೆಯನ್ನು ಆವರಿಸಿತು. ಜಗತ್ತಿನ ಆರ್ಥಿಕ ಕುಸಿತವೂ ಜೊತೆಗೂಡಿತು. ಇಲ್ಲಿನ ಮುತ್ತಿಗೆ ಕೊಳ್ಳುವವರು ಇಲ್ಲವಾದರು. 1932ರಲ್ಲಿ ತೈಲ ದೊರೆತು ನಾಡು ಉಳಿಯಿತು. ಆದರೆ ಮುತ್ತನ್ನೇ ನಂಬಿದ್ದ ಅನೇಕ ಮನೆಗಳ ಕಾಲ ಮುಗಿದಿತ್ತು. 2012ರಲ್ಲಿ ಯುನೆಸ್ಕೋ ಆ ಪರಿಸರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಮನೆಗಳ ಮುಂದೆ ನಿಂತಾಗಲೆಲ್ಲ ನನಗೆ ಮಡಿಕೇರಿಯ ಗದ್ದಿಗೆ ನೆನಪಾಗುತ್ತದೆ. ಗುಮ್ಮಟ ಹೊತ್ತ ಆ ಸಮಾಧಿಗಳಲ್ಲಿ ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮಾಜಿ, ಲಿಂಗರಾಜೇಂದ್ರ ಮೊದಲಾದವರು ವಿಶ್ರಮಿಸಿದ್ದಾರೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಅವನು ಸತ್ತದ್ದು ಲಂಡನ್ನಿನಲ್ಲಿ. ಮುಹರ್ರಕ್ಕಿನ ಮುತ್ತಿನ ಮನೆಗಳನ್ನು ಕೆಡವಿದ್ದು ಹೊರಗಿನಿಂದ ಬೀಸಿದ ಗಾಳಿ. ಹಾಲೇರಿಯ ಅರಮನೆಯನ್ನು ಕೆಡವಿದ್ದು ಯಾವುದು?

ವೈದ್ಯರಾದ ನಾವು ಮರಣ ಪ್ರಮಾಣಪತ್ರ ಬರೆಯುವಾಗ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನಮೂದಿಸುತ್ತೇವೆ: ಒಂದು, ಸಾವಿನ ತಕ್ಷಣದ ಕಾರಣ, ಇನ್ನೊಂದು, ಅದಕ್ಕೆ ದಾರಿ ಮಾಡಿದ ಮೂಲ ಕಾರಣ. ಹಾಲೇರಿ ಮನೆತನದ ವಿಷಯದಲ್ಲಿ ತಕ್ಷಣದ ಕಾರಣ ಎಲ್ಲರಿಗೂ ಗೊತ್ತು. 1834ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕು, ಕೆಲವೇ ದಿನಗಳಲ್ಲಿ ಮಡಿಕೇರಿಯ ಕೋಟೆಯ ಮೇಲೆ ತನ್ನ ಬಾವುಟ ಹಾರಿಸಿತು. ಮೂಲ ಕಾರಣವನ್ನು ಕಾಣಬೇಕಾದರೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಇಕ್ಕೇರಿಯ ನಾಯಕರ ಕವಲಿನವರೆಂದು ಹೇಳಲಾಗುವ ಈ ಲಿಂಗಾಯತ ಮನೆತನ ಹದಿನೇಳನೆಯ ಶತಮಾನದ ಆರಂಭದ ಹೊತ್ತಿಗೆ ಹಾಲೇರಿಯಲ್ಲಿ ನೆಲೆಯೂರಿತು. ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದನು. ಮನೆತನ ಬೆಳೆದಂತೆ ಹಾಲೇರಿ, ಹೊರಮಲೆ ಎಂದು ಶಾಖೆಗಳಾದವು. 1770ರ ದಶಕದಲ್ಲಿ ಪಟ್ಟಕ್ಕಾಗಿ ಈ ಎರಡು ಶಾಖೆಗಳ ನಡುವೆ ಕಲಹ ಹುಟ್ಟಿದಾಗ ಹಾಲೇರಿಯ ಲಿಂಗರಾಜನು ಹೈದರಾಲಿಯ ನೆರವು ಕೋರಿದನು. ಪಟ್ಟವೇನೋ ದಕ್ಕಿತು. ಆದರೆ ದಾಯಾದಿಗಳ ಜಗಳಕ್ಕೆ ಬಂದ ಮೂರನೆಯವನು ಬಾಗಿಲಾಚೆ ಹೋಗಲಿಲ್ಲ. 1780ರಲ್ಲಿ ಲಿಂಗರಾಜನು ತೀರಿಕೊಂಡಾಗ, ಎಳೆಯ ರಾಜಕುಮಾರರ ಪೋಷಕನೆಂಬ ನೆಪದಲ್ಲಿ ಹೈದರಾಲಿ ಕೊಡಗನ್ನೇ ವಶಪಡಿಸಿಕೊಂಡು, ಮಕ್ಕಳನ್ನು ಗೊರೂರಿನ ಕೋಟೆಯಲ್ಲಿ ಇರಿಸಿದನು.

ಆ ಸೆರೆಯಲ್ಲಿ ಬೆಳೆದವನೇ ದೊಡ್ಡವೀರರಾಜೇಂದ್ರ. ಮುಂದೆ ಟಿಪ್ಪುವಿನ ಕಾಲದಲ್ಲಿ ಪಿರಿಯಾಪಟ್ಟಣದ ಕೋಟೆಗೆ ಸಾಗಿಸಲ್ಪಟ್ಟ ಅವನು 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು, ನಾಡನ್ನು ಮರಳಿ ಪಡೆದನು. 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದನು, ವೀರರಾಜಪೇಟೆಯನ್ನು ಸ್ಥಾಪಿಸಿದನು, ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲಿ ಬರೆಯಿಸಿದನು. ಮನೆತನದ ಶಿಖರವೆಂದರೆ ಈ ಕಾಲ. ಗಂಡುಸಂತಾನವಿಲ್ಲದ ಅರಸನು ಮಗಳು ದೇವಮ್ಮಾಜಿಗೆ ಪಟ್ಟ ಸಲ್ಲಬೇಕೆಂದು ಬಯಸಿ ಕಂಪನಿಯ ರಕ್ಷಣೆಯನ್ನು ನೆಚ್ಚಿದನು. ಕೊನೆಯ ವರ್ಷಗಳಲ್ಲಿ ಅವನ ಮನಸ್ಸು ಸ್ಥಿಮಿತ ತಪ್ಪಿತ್ತೆಂದೂ, ಸುತ್ತಲಿನವರ ಮೇಲಿನ ಸಂಶಯ ಅನೇಕರ ಪ್ರಾಣಕ್ಕೆ ಎರವಾಯಿತೆಂದೂ ಅಂದಿನ ಬರಹಗಳು ಹೇಳುತ್ತವೆ. ಇನ್ನೂರು ವರ್ಷಗಳ ದೂರದಿಂದ ರೋಗಕ್ಕೆ ಹೆಸರಿಡುವ ಸಾಹಸವನ್ನು ನಾನು ಮಾಡಲಾರೆ. ಆದರೆ ಎಳವೆಯಲ್ಲೇ ಸೆರೆಯನ್ನು ಕಂಡವನಿಗೆ ಯಾರನ್ನೂ ನಂಬಲಾಗದೆ ಹೋಯಿತೆಂದರೆ ಅದರಲ್ಲಿ ಅಚ್ಚರಿಯೇನಿದೆ?

1809ರಲ್ಲಿ ಅವನು ಮಡಿದ ಮೇಲೆ ಬಾಲೆ ದೇವಮ್ಮಾಜಿ ಅರಸಿಯಾದಳು. 1811ರ ಹೊತ್ತಿಗೆ ಚಿಕ್ಕಪ್ಪ ಲಿಂಗರಾಜನು ಅವಳನ್ನು ಸರಿಸಿ ತಾನೇ ಅರಸನಾದನು. ಮಗಳಿಗೆಂದು ತಂದೆ ಕಂಪನಿಯಲ್ಲಿಟ್ಟಿದ್ದ ಹಣದ ಪತ್ರಗಳ ಮೇಲೂ ಅವನ ಕಣ್ಣು ಬಿತ್ತು. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದವನು ಇವನೇ. 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ ಪಟ್ಟವೇರಿದನು. ಕಿತ್ತುಕೊಂಡು ಪಡೆದ ಸಿಂಹಾಸನಕ್ಕೆ ಕಿತ್ತುಕೊಳ್ಳುವವರ ಭಯ ತಪ್ಪಲಿಲ್ಲ. ಪಟ್ಟಕ್ಕೆ ಹಕ್ಕು ಹೇಳಬಹುದಾದ ಬಂಧುಗಳನ್ನೆಲ್ಲ ಅವನು ಶತ್ರುಗಳಂತೆ ಕಂಡನು. 1832ರಲ್ಲಿ ಒಡಹುಟ್ಟಿದವಳೇ, ಅವಳ ಹೆಸರೂ ದೇವಮ್ಮಾಜಿ, ಗಂಡ ಚೆನ್ನಬಸಪ್ಪನೊಡನೆ ಕೊಡಗಿನಿಂದ ಓಡಿಹೋಗಿ ಮೈಸೂರಿನಲ್ಲಿ ಬ್ರಿಟಿಷರ ಆಶ್ರಯ ಪಡೆದಳು. ಅವರನ್ನು ಒಪ್ಪಿಸಿರೆಂದು ಅರಸ, ಒಪ್ಪಿಸುವುದಿಲ್ಲವೆಂದು ಕಂಪನಿ. ಅರುವತ್ತು ವರ್ಷಗಳ ಹಿಂದೆ ಹೈದರಾಲಿಗೆ ತೆರೆದ ಬಾಗಿಲು ಈಗ ಕಂಪನಿಗೆ ತೆರೆಯಿತು.

ಯುದ್ಧದಲ್ಲಿ ಕೊಡಗಿನವರು ಹೇಡಿಗಳಾಗಲಿಲ್ಲ. ಉತ್ತರದ ಕಡೆಯಿಂದ ಬಂದ ಪಡೆ ಭಾರಿ ಪೆಟ್ಟು ತಿಂದು ಹಿಮ್ಮೆಟ್ಟಿತು. ಆದರೆ ಅರಮನೆಯೊಳಗೆ ಒಮ್ಮತವಿರಲಿಲ್ಲ. ದಿವಾನರಲ್ಲೊಬ್ಬನಾದ ಅಪ್ಪಾರಂಡ ಬೋಪು ಕಂಪನಿಯ ಕಡೆ ಸೇರಿದನು. ದೊಡ್ಡಪ್ಪ ಕಟ್ಟಿಸಿದ ನಾಲ್ಕುನಾಡು ಅರಮನೆಗೆ ಹಿಂದೆ ಸರಿದಿದ್ದ ಅರಸನು ಶರಣಾದನು. ಅವನ ಕ್ರೌರ್ಯದ ಕಥೆಗಳಲ್ಲಿ ಬಹುಪಾಲು ನಮಗೆ ದೊರೆತದ್ದು ನಾಡನ್ನು ಕಸಿದುಕೊಂಡವರಿಂದ ಮತ್ತು ಅವರ ಬಳಿಯ ಮಿಷನರಿಗಳಿಂದ ಎಂಬುದನ್ನು ಮರೆಯಬಾರದು. ಎಲ್ಲವೂ ಸುಳ್ಳಲ್ಲದಿರಬಹುದು, ಆದರೆ ಅವನ ಪರವಾಗಿ ಬರೆಯುವವರು ಯಾರೂ ಉಳಿದಿರಲಿಲ್ಲ.

ಜನರ ಸಾಕ್ಷ್ಯವೊಂದು ಮಾತ್ರ ಬೇರೆಯಾಗಿದೆ. ನಮ್ಮ ಸಂಘದ ಸುಳ್ಯ, ಪುತ್ತೂರಿನ ಸದಸ್ಯರಿಗೆ ಇದು ಗೊತ್ತಿರಬೇಕು. ಕೊಡಗಿಗೆ ಸೇರಿದ್ದ ಆ ಸೀಮೆಗಳನ್ನು 1834ರ ನಂತರ ಕಂಪನಿ ದಕ್ಷಿಣ ಕನ್ನಡಕ್ಕೆ ಸೇರಿಸಿ, ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. 1837ರಲ್ಲಿ ರೈತರು ದಂಗೆಯೆದ್ದರು. ಅವರ ಮುಂದೆ ನಡೆದವನು ಹಾಲೇರಿಯ ರಕ್ತ ನನ್ನದೆಂದು ಸಾರಿದ ‘ಕಲ್ಯಾಣಸ್ವಾಮಿ’. ದಂಡು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿತು. ಕೊನೆಗೆ ಗುಡ್ಡೆಮನೆ ಅಪ್ಪಯ್ಯ ಗೌಡ, ಲಕ್ಷ್ಮಪ್ಪರಸ ಬಂಗರಾಜ ಮೊದಲಾದವರು ಗಲ್ಲಿಗೇರಿದರು. ಮನೆತನ ಬಿದ್ದ ಮೂರು ವರ್ಷಗಳ ಬಳಿಕವೂ ಅದರ ಹೆಸರಿಗಾಗಿ ಜನ ಪ್ರಾಣ ಕೊಟ್ಟರು. ನಂಟರು ಕಳೆದುಕೊಂಡ ನಂಬಿಕೆಯನ್ನು ಒಕ್ಕಲುಗಳು ಉಳಿಸಿಕೊಂಡಿದ್ದರು.

ಆ ಹೊತ್ತಿಗೆ ಅರಸನು ಕಾಶಿಯಲ್ಲಿ ಕಂಪನಿಯ ಪಿಂಚಣಿ ಉಣ್ಣುತ್ತಿದ್ದನು. ಅಲ್ಲಿ ಅವನ ಒಬ್ಬ ಮಗಳು ನೇಪಾಳದ ಜಂಗ್ ಬಹಾದೂರ್ ರಾಣಾನ ಕೈಹಿಡಿದಳು. ಇನ್ನೊಬ್ಬ ಮಗಳು ಗೌರಮ್ಮನನ್ನು ಕರೆದುಕೊಂಡು ಅವನು 1852ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದನು. ಜಪ್ತಾಗಿದ್ದ ದೊಡ್ಡಪ್ಪನ ಹಣದ ಪತ್ರಗಳಿಗಾಗಿ ಲಂಡನ್ನಿನ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದನು. 1859ರಲ್ಲಿ ಅಲ್ಲೇ ಕಣ್ಣುಮುಚ್ಚಿದನು, ದಾವೆಯೂ ಬಿದ್ದುಹೋಯಿತು. ಹಿಂದೆ ಚಿಕ್ಕಪ್ಪನಿಗೂ ಮಗಳಿಗೂ ನಡುವೆ ವಿಷವಾಗಿದ್ದ ಆ ಹಣ ಕೊನೆಗೆ ಮನೆತನದ ಯಾರಿಗೂ ದಕ್ಕಲಿಲ್ಲ.

ಗೌರಮ್ಮನಿಗೆ ಆಗ ಹನ್ನೊಂದು ವರ್ಷ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿ ತನ್ನ ಹೆಸರನ್ನೂ ಇಟ್ಟಳು. ಹುಡುಗಿಯನ್ನು ಇಂಗ್ಲಿಷ್ ಕುಟುಂಬದ ಪಾಲನೆಗೆ ಒಪ್ಪಿಸಲಾಯಿತು. ತಂದೆಯ ಒಡನಾಟ ಕಡಿಮೆಯಾಯಿತು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂಬ ರಾಣಿಯ ಆಸೆ ಕೈಗೂಡಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಸೇನಾಧಿಕಾರಿ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನನಗೆ ಈ ಕಥೆಯಲ್ಲಿ ಹೆಚ್ಚು ಕಾಡುವುದು ಕಳೆದುಹೋದ ರಾಜ್ಯವಲ್ಲ, ಈ ಹುಡುಗಿ. ಅವಳ ಮನೆತನ ಕನ್ನಡದಲ್ಲಿ ವಂಶಚರಿತ್ರೆ ಬರೆಯಿಸಿದ್ದು. ಅವಳ ಸುತ್ತ ಆ ಭಾಷೆಯಲ್ಲಿ ಒಂದು ಮಾತಾಡುವವರೂ ಉಳಿಯಲಿಲ್ಲ. ನಾವು ಇಲ್ಲಿಗೆ ಬಂದದ್ದು ಸ್ವಂತ ಇಚ್ಛೆಯಿಂದ, ಮರಳುವ ಟಿಕೆಟ್ ಇಟ್ಟುಕೊಂಡು. ಅವಳಿಗೆ ಎರಡೂ ಇರಲಿಲ್ಲ.

ಮರಣ ಪ್ರಮಾಣಪತ್ರ ಬರೆಯುವುದಾದರೆ ತಕ್ಷಣದ ಕಾರಣದ ಸಾಲಿನಲ್ಲಿ ಕಂಪನಿಯ ದಂಡಯಾತ್ರೆ ಎಂದು ಬರೆಯುತ್ತೇನೆ. ಮೂಲ ಕಾರಣದ ಸಾಲಿನಲ್ಲಿ: ಒಂದೇ ಮನೆಯವರು ಒಬ್ಬರನ್ನೊಬ್ಬರು ನಂಬದೆ ಹೋದದ್ದು. ಆಸ್ತಿಯ ಜಗಳಕ್ಕಾಗಿ ಒಡಹುಟ್ಟಿದವರೊಡನೆ ಮಾತುಬಿಟ್ಟು, ಆ ಕೊರಗಿನಲ್ಲೇ ರಕ್ತದೊತ್ತಡ ಏರಿಸಿಕೊಂಡು ಬರುವ ನಮ್ಮೂರ ರೋಗಿಗಳನ್ನು ಇಲ್ಲಿಯೂ ಕಾಣುತ್ತೇನೆ. ಇದು ಅರಸುಮನೆತನಗಳಿಗೆ ಮಾತ್ರ ಬರುವ ಕಾಯಿಲೆಯಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋದವರು ಮಡಿಕೇರಿಯ ಕಡೆ ಹೊರಟರೆ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡುವ ಮೊದಲು ಒಂದು ಗಳಿಗೆ ಗದ್ದಿಗೆಗೆ ಹೋಗಿಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿರುವವರ ಕಥೆಯ ಜೊತೆಗೆ, ಅಲ್ಲಿಲ್ಲದ ತಂದೆ ಮಗಳ ಕಥೆಯನ್ನೂ ಅವರಿಗೆ ಹೇಳಿ, ಕನ್ನಡದಲ್ಲೇ ಹೇಳಿ.