ಬದಲಾಗುವ ವರ್ಧನೆಯ ರೈಫಲ್ ಸ್ಕೋಪ್

ಬದಲಾಗುವ ವರ್ಧನೆಯ ರೈಫಲ್ ಸ್ಕೋಪ್ ಎಂಬುದು ರೈಫಲ್ಲಿನ ಮೇಲೆ ಅಳವಡಿಸುವ ಒಂದು ಬಗೆಯ ದೂರದರ್ಶಕ. ಗುರಿಯ ಬಿಂಬವನ್ನು ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ ನೋಡಲು ಇದರಲ್ಲಿ ಅವಕಾಶವಿರುತ್ತದೆ. ಬೇಟೆಗೆ ಕಾನೂನಿನ ಅನುಮತಿಯಿರುವ ಉತ್ತರ ಅಮೆರಿಕ, ಯುರೋಪ್, ದಕ್ಷಿಣ ಆಫ್ರಿಕ ಮೊದಲಾದ ಕಡೆ ಇದು ಬೇಟೆಗಾರರ ಸಾಮಾನ್ಯ ಉಪಕರಣವಾಗಿದೆ. ಆಯ್ಕೆಯ ಸಮಯದಲ್ಲಿ ಗರಿಷ್ಠ ವರ್ಧನೆಗೆ ಹೆಚ್ಚು ಮನ್ನಣೆ ದೊರೆಯುವುದು ವಾಡಿಕೆ. ಆದರೆ ಬೇಟೆಯ ಸಂದರ್ಭದಲ್ಲಿ ಕನಿಷ್ಠ ವರ್ಧನೆ, ಮಂದ ಬೆಳಕಿನಲ್ಲಿ ಬಿಂಬದ ಸ್ಪಷ್ಟತೆ ಮತ್ತು ಕಣ್ಣಿಗೂ ಸ್ಕೋಪಿಗೂ ನಡುವಿನ ಅಂತರ ಇವು ಅದಕ್ಕಿಂತ ಮುಖ್ಯವಾಗುತ್ತವೆ. ಗುರಿ ತಪ್ಪಿದಾಗ ಪ್ರಾಣಿಯು ಗಾಯಗೊಂಡು ಓಡಿ, ಬಹುಕಾಲ ನರಳಿ ಸಾಯುವ ಸಂಭವವಿರುವುದರಿಂದ ಈ ಆಯ್ಕೆಯು ಕೇವಲ ಅನುಕೂಲದ ಪ್ರಶ್ನೆಯಲ್ಲ.

ಇತಿಹಾಸ

ಬಂದೂಕಿಗೆ ದೂರದರ್ಶಕವನ್ನು ಜೋಡಿಸುವ ಪ್ರಯತ್ನಗಳು ಅಮೆರಿಕದಲ್ಲಿ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ನಡೆದವು. ಆ ಕಾಲದ ಸ್ಕೋಪುಗಳು ನಳಿಗೆಯಷ್ಟೇ ಉದ್ದವಾಗಿದ್ದು, ವರ್ಧನೆಯು ಸ್ಥಿರವಾಗಿತ್ತು. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಅವರು ಮಸೂರಗಳಿಗೆ ಪ್ರತಿಫಲನವನ್ನು ತಗ್ಗಿಸುವ ತೆಳುಲೇಪ ನೀಡುವ ವಿಧಾನವನ್ನು ರೂಪಿಸಿದರು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯಲ್ಲಿಯೂ ಸುಮಾರು ಶೇ. 4ರಷ್ಟು ಬೆಳಕು ನಷ್ಟವಾಗುತ್ತದೆ. ಹಲವು ಮಸೂರಗಳಿರುವ ಬದಲಾಗುವ ವರ್ಧನೆಯ ಸ್ಕೋಪಿಗೆ ಈ ಲೇಪದಿಂದ ವಿಶೇಷ ಪ್ರಯೋಜನವಾಯಿತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಇಂತಹ ಸ್ಕೋಪುಗಳು ಬೇಟೆಗಾರರಲ್ಲಿ ವ್ಯಾಪಕವಾಗಿ ಹರಡಿದವು.

ರಚನೆ ಮತ್ತು ಸಂಕೇತಗಳು

ಸ್ಕೋಪಿನ ಮುಂತುದಿಯಲ್ಲಿ ವಸ್ತುಮಸೂರವೂ ಹಿಂತುದಿಯಲ್ಲಿ ನೇತ್ರಮಸೂರವೂ ಇರುತ್ತವೆ. ಇವೆರಡರ ನಡುವೆ, ತಲೆಕೆಳಗಾದ ಬಿಂಬವನ್ನು ನೇರಗೊಳಿಸುವ ಮಸೂರಗಳ ಗುಂಪೊಂದಿದೆ. ಹೊರಗಿನ ಉಂಗುರವನ್ನು ತಿರುಗಿಸಿದಾಗ ಈ ಮಸೂರಗಳು ಹಿಂದೆ ಮುಂದೆ ಸರಿದು ವರ್ಧನೆಯು ಬದಲಾಗುತ್ತದೆ. ಒಳಗೆ ತೇವಾಂಶದಿಂದ ಮಂಜು ಕಟ್ಟದಂತೆ ಕೊಳವೆಯಲ್ಲಿ ನೈಟ್ರೋಜನ್ ಅಥವಾ ಆರ್ಗಾನ್ ಅನಿಲವನ್ನು ತುಂಬಿ ಮುಚ್ಚಲಾಗುತ್ತದೆ.

ಸ್ಕೋಪಿನ ಹೆಸರಿನಲ್ಲಿರುವ ಅಂಕೆಗಳು ಅದರ ಗುಣವನ್ನು ಸೂಚಿಸುತ್ತವೆ. ಉದಾಹರಣೆಗೆ, '3–9×40' ಎಂದರೆ ವರ್ಧನೆಯು ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಬದಲಾಗುತ್ತದೆ ಮತ್ತು ವಸ್ತುಮಸೂರದ ವ್ಯಾಸ 40 ಮಿ.ಮೀ. ಎಂದರ್ಥ.

ಆಯ್ಕೆಯಲ್ಲಿ ಗಮನಿಸುವ ಅಂಶಗಳು

ವರ್ಧನೆ

ವರ್ಧನೆ ಹೆಚ್ಚಿದಂತೆ ದೃಷ್ಟಿಕ್ಷೇತ್ರವು ಕಿರಿದಾಗುತ್ತದೆ. ಸಾಮಾನ್ಯವಾದ 3–9×40 ಸ್ಕೋಪಿನಲ್ಲಿ 100 ಮೀಟರ್ ದೂರದ ನೋಟವು ಮೂರು ಪಟ್ಟಿನಲ್ಲಿ ಸುಮಾರು 11 ಮೀಟರ್ ಅಗಲವಾಗಿದ್ದರೆ, ಒಂಬತ್ತು ಪಟ್ಟಿನಲ್ಲಿ ಸುಮಾರು 4 ಮೀಟರಿಗೆ ಇಳಿಯುತ್ತದೆ. ಪೊದೆಗಳ ನಡುವೆ 30 ಮೀಟರ್ ದೂರದಲ್ಲಿ ಜಿಂಕೆ ಎದುರಾದಾಗ, ಹೆಚ್ಚಿನ ವರ್ಧನೆಯಲ್ಲಿ ಕಾಣುವುದು ಬರಿಯ ರೋಮ ಮಾತ್ರ. ಅದು ಪ್ರಾಣಿಯ ಯಾವ ಭಾಗವೆಂದು ತಿಳಿಯದು. ವರ್ಧನೆಯು ಕೈಯ ನಡುಕವನ್ನೂ ಬಿಸಿಲಿನಲ್ಲಿ ಗಾಳಿಯ ಕಂಪನವನ್ನೂ ಹಿಗ್ಗಿಸಿ ತೋರಿಸುತ್ತದೆ.

200 ಮೀಟರ್ ದೂರದ ಪ್ರಾಣಿಯು ಆರು ಪಟ್ಟು ವರ್ಧನೆಯಲ್ಲಿ ಬರಿಗಣ್ಣಿಗೆ ಸುಮಾರು 33 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. ಆದ್ದರಿಂದ ಹೆಚ್ಚಿನ ಬೇಟೆಗೆ ಮಧ್ಯಮ ವರ್ಧನೆಯೇ ಸಾಕಾಗುತ್ತದೆ. ಭೂಪ್ರದೇಶಕ್ಕೆ ತಕ್ಕಂತೆ ರೂಢಿಯಲ್ಲಿರುವ ಆಯ್ಕೆಗಳು ಹೀಗಿವೆ:

- ಪ್ರಾಣಿಗಳನ್ನು ಸೋವಿ ಓಡಿಸುವ ಯುರೋಪಿನ ಕಾಡುಹಂದಿ ಬೇಟೆ: 1–4 ಅಥವಾ 1–6 ಪಟ್ಟು
- ದಟ್ಟವಾದ ಕಾಡು: 2–7 ಪಟ್ಟು
- ಕಾಡು ಮತ್ತು ಬಯಲು ಬೆರೆತ ಪ್ರದೇಶ: 3–9 ಪಟ್ಟು
- ಪಶ್ಚಿಮ ಅಮೆರಿಕದಂತಹ ತೆರೆದ ಬಯಲು ಮತ್ತು ಬೆಟ್ಟಸಾಲು: 4–12 ಪಟ್ಟು ಅಥವಾ ಅದಕ್ಕೂ ಹೆಚ್ಚು

ಬೆಳಕು

ಜಿಂಕೆಯ ಜಾತಿಯ ಪ್ರಾಣಿಗಳು ಹೆಚ್ಚಾಗಿ ನಸುಕಿನಲ್ಲಿ ಹಾಗೂ ಮುಸ್ಸಂಜೆಯಲ್ಲಿ ಸಂಚರಿಸುತ್ತವೆ. ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ಕಿರಣಪುಂಜದ ವ್ಯಾಸವು ದೊರೆಯುತ್ತದೆ. 40 ಮಿ.ಮೀ. ಮಸೂರದಲ್ಲಿ ಒಂಬತ್ತು ಪಟ್ಟಿಗೆ ಇದು 4.4 ಮಿ.ಮೀ., ಆರು ಪಟ್ಟಿಗೆ 6.7 ಮಿ.ಮೀ. ಆಗುತ್ತದೆ. ಕತ್ತಲೆಯಲ್ಲಿ ಯುವಕರ ಕಣ್ಣಿನ ಪಾಪೆಯು ಸುಮಾರು 7 ಮಿ.ಮೀ.ವರೆಗೆ ಹಿಗ್ಗಬಲ್ಲುದು, ವಯಸ್ಸಾದಂತೆ ಈ ಹಿಗ್ಗುವಿಕೆ ಕಡಮೆಯಾಗುತ್ತದೆ. ಆದುದರಿಂದ ಬೆಳಕು ಕುಂದಿದಾಗ ವರ್ಧನೆಯನ್ನು ತುಸು ಇಳಿಸಿದರೆ ಬಿಂಬವು ಬೆಳಗುತ್ತದೆ. ರಾತ್ರಿಬೇಟೆಗೆ ಅವಕಾಶವಿರುವ ಕಡೆ 50 ಅಥವಾ 56 ಮಿ.ಮೀ. ಮಸೂರಗಳು ಬಳಕೆಯಲ್ಲಿವೆ. ಆದರೆ ದೊಡ್ಡ ಮಸೂರವು ತೂಕವನ್ನು ಹೆಚ್ಚಿಸುವುದಲ್ಲದೆ ಸ್ಕೋಪನ್ನು ನಳಿಗೆಯಿಂದ ಎತ್ತರದಲ್ಲಿ ಕೂರಿಸಬೇಕಾಗುತ್ತದೆ. ಆಗ ಬಂದೂಕಿನ ಹಿಡಿಗೆ ಕೆನ್ನೆಯನ್ನು ಸರಿಯಾಗಿ ಒತ್ತಿಡಲಾಗದು. ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲ ಸ್ಕೋಪುಗಳೂ ಒಂದೇ ತೆರನಾಗಿ ತೋರುವುದರಿಂದ, ಸಂಜೆಯ ಹೊತ್ತು ಹೊರಗೆ ನೆರಳಿನತ್ತ ನೋಡಿ ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ.

ಕಣ್ಣಿನ ಅಂತರ

ಪೂರ್ಣ ಬಿಂಬವು ಕಾಣಲು ಕಣ್ಣು ನೇತ್ರಮಸೂರದಿಂದ ಸಾಮಾನ್ಯವಾಗಿ 8ರಿಂದ 10 ಸೆಂ.ಮೀ. ದೂರದಲ್ಲಿರಬೇಕು. ಈ ಅಂತರ ಕಡಮೆಯಾದರೆ ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆದು, ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಗಾಯವಾಗುತ್ತದೆ. ಕೆಲವು ಸ್ಕೋಪುಗಳಲ್ಲಿ ವರ್ಧನೆಯನ್ನು ಏರಿಸಿದಂತೆ ಈ ಅಂತರವು ಕಿರಿದಾಗುವುದರಿಂದ, ಗರಿಷ್ಠ ವರ್ಧನೆಯಲ್ಲಿಟ್ಟು ಪರೀಕ್ಷಿಸುವುದು ಅಗತ್ಯ.

ರೆಟಿಕಲ್ ಮತ್ತು ಹೊಂದಾಣಿಕೆ

ಗುರಿಯನ್ನು ಸೂಚಿಸುವ ಅಡ್ಡ-ಉದ್ದ ಗೆರೆಗಳಿಗೆ ರೆಟಿಕಲ್ ಎಂದು ಹೆಸರು. ಇದು ಮೊದಲ ನಾಭಿತಲದಲ್ಲಿದ್ದರೆ ವರ್ಧನೆಯೊಡನೆ ತಾನೂ ಹಿಗ್ಗಿ ಕುಗ್ಗುತ್ತದೆ. ಅದರಲ್ಲಿರುವ ಅಳತೆಯ ಗುರುತುಗಳು ಎಲ್ಲ ವರ್ಧನೆಯಲ್ಲಿಯೂ ಸರಿಯಾಗಿರುತ್ತವೆ. ಆದರೆ ಕನಿಷ್ಠ ವರ್ಧನೆಯಲ್ಲಿ ಗೆರೆಗಳು ಅತಿ ತೆಳುವಾಗಿ ಮುಸ್ಸಂಜೆಯಲ್ಲಿ ಕಾಣದಾಗಬಹುದು. ಎರಡನೆಯ ನಾಭಿತಲದಲ್ಲಿದ್ದರೆ ಗೆರೆಗಳ ದಪ್ಪ ಬದಲಾಗದು. ಅಳತೆಯ ಗುರುತುಗಳು ಮಾತ್ರ ಯಾವುದಾದರೂ ಒಂದೇ, ಸಾಮಾನ್ಯವಾಗಿ ಗರಿಷ್ಠ, ವರ್ಧನೆಯಲ್ಲಿ ಸರಿಹೊಂದುತ್ತವೆ. ಸಾಧಾರಣ ದೂರದ ಬೇಟೆಗೆ ಎರಡನೆಯ ಬಗೆಯೇ ಹೆಚ್ಚು ರೂಢಿಯಲ್ಲಿದೆ.

ಗುರಿಯನ್ನು ತಿದ್ದುವ ತಿರುಪನ್ನು ಒಂದು ಹಲ್ಲಿನಷ್ಟು ತಿರುಗಿಸಿದಾಗ, ಕಾಲು ಕಲೆಯ (ಒಂದು ಕಲೆ ಎಂದರೆ ಡಿಗ್ರಿಯ 60ನೆಯ ಒಂದು ಭಾಗ) ಸ್ಕೋಪಿನಲ್ಲಿ 100 ಮೀಟರಿಗೆ ಸುಮಾರು 7 ಮಿ.ಮೀ.ನಷ್ಟು ಬದಲಾವಣೆಯಾಗುತ್ತದೆ. ಸ್ಕೋಪನ್ನು ಹಿಡಿದಿಡುವ ಉಂಗುರಗಳು ಸಡಿಲವಾಗಿದ್ದಲ್ಲಿ ಎಷ್ಟೇ ಬೆಲೆಯ ಸ್ಕೋಪೂ ಗುರಿಯನ್ನು ಕಾಯ್ದುಕೊಳ್ಳಲಾರದು.

ಬಳಕೆಯಲ್ಲಿ ಎಚ್ಚರಿಕೆ

ನಡೆಯುವಾಗ ಸ್ಕೋಪನ್ನು ಕನಿಷ್ಠ ವರ್ಧನೆಯಲ್ಲಿ ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ. ದೂರದಲ್ಲಿ ಪ್ರಾಣಿ ಕಂಡರೆ ಉಂಗುರವನ್ನು ತಿರುಗಿಸಲು ಸಾಮಾನ್ಯವಾಗಿ ಸಮಯವಿರುತ್ತದೆ. ಹತ್ತಿರದಲ್ಲಿ ಕಂಡರೆ ಇರುವುದಿಲ್ಲ. ಪೊದೆಯಲ್ಲಿ ಅಲುಗಾಡಿದ್ದು ಏನೆಂದು ತಿಳಿಯಲು ಸ್ಕೋಪನ್ನು ಬಳಸುವುದು ಅಪಾಯಕರ. ಸ್ಕೋಪಿನಲ್ಲಿ ನೋಡುವುದೆಂದರೆ ಬಂದೂಕನ್ನೇ ಅತ್ತ ಗುರಿಯಿಡುವುದು. ಅಲ್ಲಿರುವುದು ಮನುಷ್ಯನೂ ಆಗಿರಬಹುದು. ಈ ಕೆಲಸಕ್ಕೆ ಬೈನಾಕ್ಯುಲರ್ ಬಳಸಬೇಕೆಂಬುದು ಬೇಟೆಯ ಸುರಕ್ಷತಾ ಶಿಕ್ಷಣದ ಮೂಲಪಾಠಗಳಲ್ಲೊಂದು.

ಭಾರತದಲ್ಲಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಯಂತಹ ಕೆಲವು ಸಂದರ್ಭಗಳಲ್ಲಿ ಕಾಯಿದೆಯ 11ನೆಯ ಪ್ರಕರಣದಂತೆ ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಅನುಮತಿ ನೀಡಬಹುದು. ಕರ್ನಾಟಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿಯಿದೆ; ಆದರೆ ಅದು ಬೇಟೆಗೆ ಅನುಮತಿಯಲ್ಲ.