ಬದಲಿ ಸರಕು (ಸುಂಕ ರಿಯಾಯಿತಿ ಮತ್ತು ಕಚ್ಚಾ ರೇಷ್ಮೆ)

ಸುಂಕ ರಿಯಾಯಿತಿ ಕೋರಿದ ಆಮದು ಸರಕಿನ ಕೆಲಸವನ್ನು ದೇಶದಲ್ಲೇ ತಯಾರಾಗುವ ಸರಕು ಮಾಡಬಲ್ಲದೇ ಎಂಬುದರ ನಿರ್ಣಯ. ಆಸ್ಟ್ರೇಲಿಯದ 1901ರ ಕಸ್ಟಮ್ಸ್ ಕಾಯ್ದೆಗೆ ಉಪಯೋಗ ತಾಳೆಯಾದರೆ ಸಾಕು. ಎರಡೂ ಮಾರುಕಟ್ಟೆಯಲ್ಲಿ ಪೈಪೋಟಿಗಿಳಿದಿವೆಯೇ ಎಂಬುದು ಅದಕ್ಕೆ ಅಪ್ರಸ್ತುತ. ಭಾರತದ 1962ರ ಕಾಯ್ದೆಯ 25ನೇ ಪ್ರಕರಣ ಸಾರ್ವಜನಿಕ ಹಿತವನ್ನಷ್ಟೇ ನೋಡುತ್ತದೆ. ಹೋಲಿಕೆಯ ಪರೀಕ್ಷೆ ಬರುವುದು ಆಂಟಿ ಡಂಪಿಂಗ್ ಸುಂಕದ 1995ರ ನಿಯಮಗಳಲ್ಲಿ.

ಈ ಪ್ರಶ್ನೆಯ ಬಿಸಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಚೆನ್ನಾಗಿ ಗೊತ್ತು. ಕಚ್ಚಾ ರೇಷ್ಮೆಯ ಆಮದು ಸುಂಕ 2011ರ ಬಜೆಟ್‌ನಲ್ಲಿ ಶೇ. 30ರಿಂದ 5ಕ್ಕೆ ಇಳಿಯಿತು, 2013ರಲ್ಲಿ ಶೇ. 15ಕ್ಕೆ ಏರಿತು. ಇಳಿಕೆಯ ಪರ ವಾದವಿದು: ಚೀನಾದ ದ್ವಿತಳಿ ನೂಲು ಒಂದೇ ಸಮನಾಗಿದ್ದು ಪವರ್‌ಲೂಮಿನ ಹಾಸಿನ ಎಳೆತ ತಾಳುತ್ತದೆ, ಹಳದಿ ಗೂಡಿನಿಂದ ಚರಕದಲ್ಲಿ ಬಿಚ್ಚಿದ ನಮ್ಮ ನೂಲು ಹೊಕ್ಕಿಗಷ್ಟೇ ಸರಿ, ಆದ್ದರಿಂದ ಎರಡೂ ಬೇರೆ ಸರಕುಗಳು. ಚರಕದ ನೂಲಿನ ಮಟ್ಟಿಗೆ ಇದು ನಿಜ. ಆದರೆ ಮಲ್ಟಿಎಂಡ್ ಯಂತ್ರದಲ್ಲಿ ಬಿಚ್ಚಿದ ದೇಶಿ ದ್ವಿತಳಿ ನೂಲು ಹಾಸಿಗೂ ಸಲ್ಲುತ್ತದೆ. ಆಮದು ನೂಲು ಅಗ್ಗವಾದರೆ ನೇಕಾರ ಅದನ್ನೇ ಹೊಕ್ಕಿಗೂ ಹಾಕುತ್ತಾನೆ. ಗುಣಮಟ್ಟದ ಅಂತರ ಬೆಲೆಯನ್ನು ನಿಗದಿಮಾಡೀತು, ಉಪಯೋಗವನ್ನಲ್ಲ. 2011ರಲ್ಲಿ ಗೂಡಿನ ದರ ಕುಸಿದು ಬೆಳೆಗಾರರು ಬೀದಿಗಿಳಿದದ್ದೇ ಎರಡೂ ಬದಲಿ ಸರಕುಗಳೆಂಬುದಕ್ಕೆ ಸಾಕ್ಷಿಯೆನ್ನುವವರಿದ್ದಾರೆ. ದರ ಬೀಳಲು ಬೇರೆ ಕಾರಣಗಳೂ ಇರಬಹುದಾದ್ದರಿಂದ ಅದೊಂದೇ ಸಾಲದು. ಈ ಕಾರಣಕ್ಕೆ, ಮಾರುಕಟ್ಟೆಯನ್ನು ಬದಿಗಿಡುವ ಆಸ್ಟ್ರೇಲಿಯದ ಕ್ರಮ ಮೇಲ್ನೋಟಕ್ಕೆ ವಿಚಿತ್ರವಾದರೂ ಹೆಚ್ಚು ಗಟ್ಟಿ: ಮಗ್ಗದ ಮೇಲೆ ಯಾವ ನೂಲು ಓಡುತ್ತದೆ ಎಂಬುದನ್ನು ಓಡಿಸಿಯೇ ನೋಡಬಹುದು.