ಅಟ್ಟದ ಮೇಲಿನ ಹಾಡಿನ ತಟ್ಟೆ: ಗುಜರಿಗೆ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹೆಡತಲೆ, ನಂಜನಗೂಡು, ತಿ. ನರಸೀಪುರ ಕಡೆಯ ಹಳೆಯ ಮನೆಗಳಲ್ಲಿ ಸುಣ್ಣ ಬಳಿಸುವಾಗ ಅಟ್ಟದಿಂದ ಕಪ್ಪು ಗ್ರಾಮಫೋನ್ ತಟ್ಟೆಗಳು ಕೆಳಗಿಳಿಯುವುದುಂಟು. ಆಗ ಎರಡು ಮಾತು ಕೇಳಿಬರುತ್ತವೆ. "ಈಗ ಎಲ್ಲ ಹಾಡೂ ಮೊಬೈಲಿನಲ್ಲೇ ಸಿಗುತ್ತವೆ, ಗುಜರಿಗೆ ಹಾಕಿ" ಎಂಬುದು ಒಂದು. "ಹಳೆಯದು, ಲಕ್ಷಗಟ್ಟಲೆ ಬೆಲೆ ಬರುತ್ತೆ" ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಏಕೆಂದು ನೋಡೋಣ.

ಎಲ್ಲ ಹಾಡೂ ಅಂತರ್ಜಾಲದಲ್ಲಿವೆಯೇ?

ಇಲ್ಲ. ಯಾರಾದರೂ ಡಿಜಿಟಲ್ ರೂಪಕ್ಕೆ ತಂದ ಹಾಡು ಮಾತ್ರ ಅಲ್ಲಿ ಸಿಗುತ್ತದೆ. ಮೂಲ ಟೇಪ್ ಕಳೆದುಹೋಗಿದ್ದರೆ ಉಳಿದ ತಟ್ಟೆಯೇ ಮೂಲ ಪ್ರತಿ.

ಭಾರತದ ರಾಕ್ ಸಂಗೀತವೇ ಇದಕ್ಕೆ ಒಳ್ಳೆಯ ಉದಾಹರಣೆ. ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ 'ಸಿಮ್ಲಾ ಬೀಟ್' ಎಂಬ ಸ್ಪರ್ಧೆ ನಡೆಸುತ್ತಿತ್ತು. ಅದರಲ್ಲಿ ನುಡಿಸಿದ ತಂಡಗಳ ಹಾಡುಗಳು 1970 ಮತ್ತು 1971ರಲ್ಲಿ ಎಲ್‌ಪಿ ತಟ್ಟೆಗಳಾಗಿ ಬಂದವು. ಶಿಲ್ಲಾಂಗಿನ 'ದಿ ಫೆಂಟೋನ್ಸ್'ನಂಥ ತಂಡಗಳ ಹೆಸರು ಕಾಲಕ್ರಮೇಣ ಮರೆತೇಹೋಯಿತು. ದಶಕಗಳ ನಂತರ ಸಂಗ್ರಾಹಕರ ಕೈಗೆ ಈ ತಟ್ಟೆಗಳು ಸಿಕ್ಕು, ವಿದೇಶದಲ್ಲಿ ಸಿಡಿಯಾಗಿ ಮರುಮುದ್ರಣಗೊಂಡವು. ಇಂದಿನ ಕೇಳುಗರಿಗೆ ಆ ತಂಡಗಳ ಪರಿಚಯವಾದದ್ದು ಹೀಗೆ.

ಮೈಸೂರು ಉಳಿಸಿದ ಸಂಗೀತ

ಇನ್ನೂ ದೊಡ್ಡ ಉದಾಹರಣೆ ಮೈಸೂರಿನಲ್ಲೇ ಇದೆ. ರಷ್ಯಾದ ನಿಕೊಲಾಯ್ ಮೆಟ್ನರ್ (1880–1951) ಕೊನೆಗಾಲದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಪಿಯಾನೊ ವಾದಕ, ಸಂಗೀತ ರಚನಕಾರ. ಅವರ ಕೃತಿಗಳನ್ನು ಕೇಳುವವರು ಕಡಿಮೆಯಾಗಿದ್ದರು, ಆರೋಗ್ಯವೂ ಕೆಟ್ಟಿತ್ತು. ಆಗ ನೆರವಾದವರು ಜಯಚಾಮರಾಜ ಒಡೆಯರ್. ಅವರು ಕೊಟ್ಟ ಹಣದಿಂದ ಮೆಟ್ನರ್ ತಮ್ಮ ಮೂರೂ ಪಿಯಾನೊ ಕನ್ಸರ್ಟೊಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. ಮುದ್ರಣ ಮುಗಿದ ಕೆಲವೇ ವರ್ಷಗಳಲ್ಲಿ ಮೆಟ್ನರ್ ತೀರಿಕೊಂಡರು. ಸ್ವಲ್ಪ ತಡವಾಗಿದ್ದರೂ ಅವರ ಕೈಬೆರಳಿನ ನುಡಿಸಾಣಿಕೆ ನಮಗೆ ಸಿಗುತ್ತಿರಲಿಲ್ಲ. 78 ಆರ್‌ಪಿಎಂ ತಟ್ಟೆಗಳಲ್ಲಿದ್ದ ಆ ಸಂಗೀತ ಈಗ ಸಿಡಿಯಲ್ಲೂ ಲಭ್ಯ.

ಎಲ್ಲ ಕಪ್ಪು ತಟ್ಟೆಗಳೂ ವಿನೈಲ್ ಅಲ್ಲ

ಇಲ್ಲಿ ತಪ್ಪಿದರೆ ತಟ್ಟೆಯೇ ಹಾಳಾಗುತ್ತದೆ. 78 ಆರ್‌ಪಿಎಂ ತಟ್ಟೆಗಳನ್ನು ಹೆಚ್ಚಾಗಿ ಅರಗಿನಿಂದ, ಅಂದರೆ ಅರಗಿನ ಹುಳು ಸ್ರವಿಸುವ ಅಂಟನ್ನು ಶುದ್ಧಗೊಳಿಸಿದ ಶೆಲಾಕ್‌ನಿಂದ, ಮಾಡುತ್ತಿದ್ದರು. ಮೈಸೂರಿನಲ್ಲಿ 1937ರಲ್ಲಿ ಆರಂಭವಾದ, ಇಂದು ಮತದಾನದ ಶಾಯಿಗೆ ಹೆಸರಾದ ಕಾರ್ಖಾನೆಯ ಮೊದಲ ಹೆಸರಿನಲ್ಲೂ ಇದೇ 'ಲ್ಯಾಕ್' ಇತ್ತು. ವಿನೈಲ್ ಒಂದು ಬಗೆಯ ಪ್ಲಾಸ್ಟಿಕ್. ಅದರ ಎಲ್‌ಪಿ ತಟ್ಟೆಗಳು ಅಮೆರಿಕದಲ್ಲಿ ಬಂದದ್ದು 1948ರಲ್ಲಿ.

ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆದ್ದರಿಂದ 78ರ ತಟ್ಟೆಯನ್ನು ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಾಕಿ ಒರೆಸಿದರೆ ಹಾಡಿನ ಗೆರೆಗಳೇ ಅಳಿಸಿಹೋಗಬಹುದು. ಹಾಡಿನ ಕಾಲ ನೋಡಿ ತಟ್ಟೆಯ ಬಗೆ ಊಹಿಸುವುದೂ ಸರಿಯಲ್ಲ. 1960ರ ದಶಕದಲ್ಲೂ ಭಾರತದಲ್ಲಿ 78ರ ತಟ್ಟೆಗಳು ತಯಾರಾಗುತ್ತಿದ್ದವು, ಬೀಟಲ್ಸ್ ಹಾಡುಗಳೂ ಅವುಗಳಲ್ಲಿ ಬಂದಿದ್ದವು. ಲೇಬಲ್ ಮೇಲೆ ವೇಗ ನೋಡಿ. 78ರದು ಭಾರವಾಗಿ, ಬಿರುಸಾಗಿರುತ್ತದೆ, ಬಿದ್ದರೆ ಒಡೆಯುತ್ತದೆ. ಬಾಗಿಸಿ ಪರೀಕ್ಷಿಸಬೇಡಿ.

ಮುಳ್ಳೂ ಬೇರೆಯೇ. 78ರ ಗೆರೆ ಅಗಲ, ಎಲ್‌ಪಿಯದು ಸಣ್ಣದು. ಒಂದರ ಮುಳ್ಳನ್ನು ಇನ್ನೊಂದಕ್ಕೆ ಬಳಸಿದರೆ ದನಿ ಕೆಡುತ್ತದೆ, ಗೆರೆಯೂ ಸವೆಯುತ್ತದೆ.

ವಿನೈಲ್ ದನಿಯೇ ಶ್ರೇಷ್ಠವೇ?

ಅಳತೆಯ ಪ್ರಕಾರ ಅಲ್ಲ. ಅತಿ ಮೆಲುದನಿ ಮತ್ತು ಅತಿ ಗಟ್ಟಿದನಿಯ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬೆಲ್. ವಿನೈಲ್‌ನಲ್ಲಿ ಸಾಮಾನ್ಯವಾಗಿ 70ರ ಆಸುಪಾಸು. ವಿನೈಲ್ ದನಿ ಇಷ್ಟವಾಗುವುದು ರುಚಿಯ ವಿಷಯ. ತಟ್ಟೆ ಉಳಿಸಲು ನಿಜವಾದ ಕಾರಣ ಅದರಲ್ಲಿರುವ ಹಾಡು ಬೇರೆಲ್ಲೂ ಇಲ್ಲದಿರಬಹುದು ಎಂಬುದು.

ಹಳೆಯದೆಲ್ಲ ದುಬಾರಿಯೇ?

ಅದೂ ಅಲ್ಲ. ಸಾವಿರಾರು ಪ್ರತಿ ಮಾರಾಟವಾದ ಜನಪ್ರಿಯ ಚಿತ್ರಗೀತೆಯ ಸವೆದ ತಟ್ಟೆಗೆ ಹೆಚ್ಚು ಬೆಲೆ ಬರುವುದಿಲ್ಲ. ಬೆಲೆ ನಿರ್ಧಾರವಾಗುವುದು ತಟ್ಟೆಯ ಸ್ಥಿತಿ, ವಿರಳತೆ ಮತ್ತು ಕೇಳುವವರಿದ್ದಾರೆಯೇ ಎಂಬುದರಿಂದ. ವಿಚಿತ್ರವೆಂದರೆ, ಅಂದು ಮಾರಾಟವಾಗದ ತಟ್ಟೆಯೇ ಇಂದು ವಿರಳ.

ತಟ್ಟೆ ಸಿಕ್ಕರೆ ಏನು ಮಾಡಬೇಕು?

• ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ ಹಿಡಿಯಿರಿ.
• ಮೆತ್ತನೆಯ ಬಟ್ಟೆಯಲ್ಲಿ ಧೂಳು ತೆಗೆಯಿರಿ. ಕೊಳೆಯಿದ್ದರೆ ಶುದ್ಧ ನೀರಿಗೆ ಒಂದೆರಡು ಹನಿ ಮೃದು ಸೋಪು ಹಾಕಿ, ಗೆರೆಗಳ ದಿಕ್ಕಿನಲ್ಲೇ ಒರೆಸಿ, ಕೂಡಲೇ ಒಣಗಿಸಿ. ಲೇಬಲ್ ನೆನೆಯದಿರಲಿ.
• ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬಿಸಿಲು ತಾಗಿದರೆ ವಿನೈಲ್ ಸೊಟ್ಟಗಾಗುತ್ತದೆ.
• ಲೇಬಲ್‌ನ ಫೋಟೊ ತೆಗೆಯಿರಿ. ಲೇಬಲ್ ಸುತ್ತ ಕೊರೆದ ಸಂಖ್ಯೆಯನ್ನು ಬರೆದಿಡಿ. ಅದು ಯಾವ ಮುದ್ರಣವೆಂದು ಗುರುತಿಸಲು ಈ ಸಂಖ್ಯೆ ಬೇಕು.
• ಸರಿಯಾದ ಮುಳ್ಳಿರುವ ಯಂತ್ರ ಸಿಗುವವರೆಗೆ ನುಡಿಸಬೇಡಿ.

ಲೇಬಲ್ ಮೇಲಿನ ಹೆಸರು ನೀವು ಕೇಳಿಯೇ ಇಲ್ಲದ್ದಾದರೆ ಅದನ್ನು ಮೊದಲು ಪಕ್ಕಕ್ಕಿಡಿ. ಪ್ರಸಿದ್ಧರ ಹಾಡು ಎಲ್ಲಾದರೂ ಸಿಕ್ಕೀತು. ಮರೆತುಹೋದವರದು ಆ ಒಂದು ತಟ್ಟೆಯಲ್ಲೇ ಇರಬಹುದು.